ಮೀನು ವ್ಯಾನಿನ ಗೇರ್‌ಬಾಕ್ಸ್

ನವೆಂಬರ್ 11, ಸೋಮವಾರ

ಸಿಟ್ಟು ಬಂದರೆ ಕೂಗಬೇಡಿ, ಬರೆದಿಡಿ ಎಂದು ಬಿಪಿ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಇವತ್ತು ಮೊದಲು ಕೂಗಿ ಆಮೇಲೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರೂವರೆಗೆ ಹಮ್ಮ ಫೋನ್ ಮಾಡಿದಳು. ಹೊನ್ನಾವರದ ಬದಿಯ ಕಾಸರಕೋಡಿನಲ್ಲಿ ದೋಣಿ ನಿಲ್ಲುವ ಧಕ್ಕೆಯಿಂದ ನನ್ನ ವ್ಯಾನಿನಲ್ಲಿ ಕುಮಟಾ ಪೇಟೆಗೆ ಮೀನು ಒಯ್ಯುವ ಎಂಟು ಹೆಂಗಸರಲ್ಲಿ ಅವಳೇ ಹಿರಿಯಳು, ಗಂಟಲೂ ಅವಳದೇ ದೊಡ್ಡದು. ಹಳದೀಪುರ ದಾಟಿ ಏರಿನಲ್ಲಿ ಗಾಡಿ ನಿಂತಿದೆ, ಯಾವ ಗೇರೂ ಬೀಳುವುದಿಲ್ಲ ಎಂದಳು. ಸ್ಕೂಟರಿನಲ್ಲಿ ಹೋದೆ. ಎಂಟೂ ಮಂದಿ ಹೈವೇ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಂಗಡೆಯ ವಾಸನೆಗೆ ನಾಯಿ, ಕಾಗೆ ಆಗಲೇ ಹಾಜರಾಗಿದ್ದವು. ಡ್ರೈವರ್ ಮಹಾಶಯ ಗಾಡಿಯ ಅಡಿಯಿಂದ ಎದ್ದು ಬಂದ. ಮೂರನೇ ಗೇರ್ ಹದಿನೈದು ದಿನದಿಂದ ಜಾರುತ್ತಿತ್ತು, ಹೇಳಿದ್ದೆನಲ್ಲ ಎಂದ. ಹೇಳಿದ್ದನಂತೆ. ಅವನು ಹೇಳುವುದೆಂದರೆ ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲಿ ಒಂದು ಮಾತು ಗೊಣಗಿ ಆಕಡೆ ತಿರುಗುವುದು. ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ.

ನನಗೆ ನೆತ್ತಿಗೇರಿತು. ಹೆಂಗಸರು ಇದ್ದಾರೆ ಎಂದೂ ನೋಡಲಿಲ್ಲ.

"ಒಂಬತ್ತು ವರ್ಷ ಗೇರಿನ ಗುಂಡಿನ ಮೇಲೆ ಕೈ ಇಟ್ಕಂಡೇ ಓಡ್ಸ್‌ದೆ. ಕೈ ಭಾರಕ್ಕೆ ಗೇರು ಸವೆದು ಹೋತು. ಒಂಬತ್ತು ವರ್ಷ ನನ್ನ ಗಾಡಿ ತಿಂದೆ. ನಿನ್ನ ಕೈಗೆ ಸೈಕಲ್ ಕೊಡೂಕೂ ಆಗೂದಿಲ್ಲ."

ಅವನು ಕೀಲಿಕೈಯನ್ನು ಅಂಗಿಯ ಅಂಚಿನಿಂದ ಒರೆಸಿ ಬಾನೆಟ್ಟಿನ ಮೇಲೆ ಇಟ್ಟ. ಹೊನ್ನಾವರದ ಬಸ್ಸಿಗೆ ಕೈ ಮಾಡಿ ಹತ್ತಿ ಹೋದ. ಹೆಂಗಸರನ್ನೂ ಬುಟ್ಟಿಗಳನ್ನೂ ಎರಡು ಟೆಂಪೋ ಹಿಡಿದು ಕಳಿಸಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಮೀನು ಹಾಳಾಗುವ ಚಿಂತೆ ಇರಬೇಕು.

ಅವನು ಈರ, ನನ್ನ ಅಕ್ಕ ಕಮಲಿಯ ಗಂಡ. ಇನ್ನು ಈ ಪುಸ್ತಕದಲ್ಲಿ ಅವನ ಹೆಸರು ಬರೆಯುವುದಿಲ್ಲ.

ನವೆಂಬರ್ 12, ಮಂಗಳವಾರ

ಗ್ಯಾರೇಜಿಗೆ ಎಳೆಸುವ ಮೊದಲು ಗಾಡಿ ತೊಳೆದೆ. ತೊಳೆಯದೆ ಕೊಟ್ಟರೆ ಮೆಕ್ಯಾನಿಕ್ಕು ನಮ್ಮ ಜಾತಕ ಊರಿಗೆಲ್ಲ ಹೇಳುತ್ತಾನೆ. ಮೂಗಿಗೆ ಟವೆಲ್ ಕಟ್ಟಿಕೊಂಡರೂ ಎರಡು ಸಲ ಓಕರಿಕೆ ಬಂತು. ಮೀನು ಹಿಡಿಯುವವರ ಮನೆಯಲ್ಲೇ ಹುಟ್ಟಿದವ ನಾನು. ಹದಿನೇಳಕ್ಕೆ ಅಪ್ಪನ ದೋಣಿಯಲ್ಲಿ ಮೂರು ದಿನ ವಾಂತಿ ಮಾಡಿದೆ. ನಾಲ್ಕನೇ ದಿನ ಅಪ್ಪನೇ ದಡಕ್ಕೆ ಇಳಿಸಿ, ಇವನು ನೆಲದಲ್ಲೇ ಬದುಕಿಕೊಳ್ಳಲಿ ಎಂದ. ಮೀನು ತಿನ್ನುತ್ತೇನೆ, ಬೇಡ ಎನ್ನುವುದಿಲ್ಲ. ಐಸು ಕರಗಿ ರಕ್ತ, ಪೊರೆ, ಉಪ್ಪು ಎಲ್ಲ ಸೇರಿ ಇಳಿಯುತ್ತದಲ್ಲ, ಆ ನೀರು ಮಾತ್ರ ಆಗದು.

ಆ ನೀರಿಗೆ ಸೆಪ್ಟೆಂಬರಿನಲ್ಲಿ ನಾನೇ ಒಂದು ದಾರಿ ಮಾಡಿದ್ದೆ. ಕುಮಟಾದಲ್ಲಿ ಗಾಡಿ ನಿಂತಲ್ಲಿ ಹಿಂದಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತದೆ, ಗಿರಾಕಿಗಳು ಮೂಗು ಮುಚ್ಚಿಕೊಂಡು ಓಡುತ್ತಾರೆ ಎಂದು ಒಬ್ಬ ಹೋಟೆಲಿನವನು ಜಗಳಕ್ಕೆ ಬಂದಿದ್ದ. ಹೈವೇ ಪೊಲೀಸರೂ ಎರಡು ಸಲ ನಿಲ್ಲಿಸಿದ್ದರು. ಮೀನು ಗಾಡಿಯವರೆಲ್ಲ ಹೀಗೇ ಬೈಸಿಕೊಂಡು ತಿರುಗುತ್ತಾರೆ. ನಾನು ತಲೆ ಓಡಿಸಿದೆ. ಹಿಂದಿನ ಪೈಪಿಗೆ ಮರದ ಬೆಣೆ ಹೊಡೆದೆ. ಮುಂದಿನ ಸೀಟಿನ ಬೆನ್ನಹಿಂದೆ, ಮೀನಿಡುವ ನೆಲದ ನಟ್ಟನಡುವೆ, ಹೆಬ್ಬೆರಳು ಹೋಗುವಷ್ಟು ತೂತು ಕೊರೆದೆ. ಈಗ ನೀರು ಗಾಡಿಯ ಹೊಟ್ಟೆಯ ಅಡಿಯಲ್ಲೇ ಬಿದ್ದು ಹೋಗುತ್ತದೆ, ಹಿಂದೆ ಬರುವವರಿಗೆ ಕಾಣುವುದಿಲ್ಲ. ಅವತ್ತಿನಿಂದ ಒಂದು ದೂರಿಲ್ಲ.

ಆ ಮನುಷ್ಯ ಆಗಲೂ ಅಲ್ಲಿ ಬೇಡ ಎಂದು ರಾಗ ತೆಗೆದಿದ್ದ. ಗಾಡಿ ಯಾರದು ಎಂದು ಕೇಳಿದೆ, ಬಾಯಿ ಮುಚ್ಚಿತು. ಆಮೇಲೆ ಹರಕು ಚಪ್ಪಲಿಯ ನೀಲಿ ರಬ್ಬರು ಕೊಯ್ದು ಆ ತೂತಿಗೆ ತುರುಕಲು ಶುರು ಮಾಡಿದ. ಎಂಥ ಹೊಲಸು ಬುದ್ಧಿ. ಎರಡು ಸಲ ಕಿತ್ತು ಗಟಾರಕ್ಕೆ ಎಸೆದಿದ್ದೇನೆ. ಇಷ್ಟು ಸಾಲದು ಎಂದು ಶರಾವತಿ ಸೇತುವೆ ದಾಟಿದ ಮೇಲೆ ಹತ್ತು ನಿಮಿಷ ಗಾಡಿ ನಿಲ್ಲಿಸುತ್ತಾನೆ ಎಂದು ಟೆಂಪೋದವರು ಹೇಳಿದ್ದರು. ಬೀಡಿ ಸೇದಲಿಕ್ಕೆ ಇರಬೇಕು. ಪೀಡೆ ತೊಲಗಿತು.

ನವೆಂಬರ್ 14, ಗುರುವಾರ

ಕುಮಟಾದ ಮಹಾಗಣಪತಿಯ ಗ್ಯಾರೇಜು. ಮೂವತ್ತು ವರ್ಷದಿಂದ ಡೀಸೆಲ್ ಗಾಡಿಗಳನ್ನೇ ಬಿಚ್ಚಿ ಕಟ್ಟುವವ. ಹಣೆಗೆ ಗಂಧ, ಮೊಣಕೈವರೆಗೆ ಮಸಿ. ಮಾತಾಡಿಸಿದರೆ ಐದು ನಿಮಿಷ ಬಿಟ್ಟು ಉತ್ತರ ಕೊಡುತ್ತಾನೆ, ಅಷ್ಟರಲ್ಲಿ ನಾವು ಕೇಳಿದ್ದೇ ಮರೆತಿರುತ್ತೇವೆ.

ಗೇರ್‌ಬಾಕ್ಸಿನ ಅಡಿಯ ಬಿರಡೆ ಬಿಚ್ಚಿದ. ಎಣ್ಣೆ ಕಪ್ಪಗೆ, ಜೇನಿನ ಹಾಗೆ ಬರಬೇಕು. ಬಂದದ್ದು ಹಾಲು ಹಾಕಿದ ಚಾ. ಅವನು ಬೆರಳಿಗೆ ತಾಗಿಸಿ ಮೂಸಿ ನೋಡಿ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದ. ಮೀನು. ಎಣ್ಣೆಯಲ್ಲೂ ಮೀನು. ಹೊರಗೆ ಹೋಗಿ ಸೋಡಾ ಕುಡಿದು ಬಂದೆ.

ಬಾಕ್ಸು ಇಳಿಸಿ ಮುಚ್ಚಳ ತೆಗೆದಾಗ ಒಳಗೆ ಬೇರಿಂಗುಗಳಿಗೆ ತುಕ್ಕು, ಮೂರನೇ ಗೇರಿನ ಹಲ್ಲುಗಳು ಅರ್ಧಕ್ಕರ್ಧ ಇಲ್ಲ, ತಳದಲ್ಲಿ ಕಬ್ಬಿಣದ ಪುಡಿಯ ಕೆಸರು. ರಿಪೇರಿ ಆಗದು, ಬಾಕ್ಸೇ ಬದಲಿಸಬೇಕು ಎಂದ. ನೀರು ಎಲ್ಲಿಂದ ಹೋಯಿತು ಎಂದು ಕೇಳಿದ. ಹೊಳೆಯ ಬದಿ ನೀರು ನಿಂತಲ್ಲಿ ಇಳಿಸಿರಬೇಕು, ಆ ಡ್ರೈವರಿಗೆ ಕಣ್ಣೂ ಇಲ್ಲ ತಲೆಯೂ ಇಲ್ಲ ಎಂದೆ. ಮಹಾಗಣಪತಿ ಕೈ ಒರೆಸಿಕೊಂಡ. ಹೊಳೆಯ ನೀರಾದರೆ ಮಣ್ಣು ಇರಬೇಕಿತ್ತು ಎಂದ. ಅವನ ಹತ್ತಿರ ವಾದ ಮಾಡಲು ನನಗೆ ಪುರುಸೊತ್ತಿರಲಿಲ್ಲ.

ಹೊಸ ಬಾಕ್ಸು ಈ ಗಾಡಿಗೆ ಸಿಗುವುದಿಲ್ಲವಂತೆ, ತಯಾರಿಕೆ ನಿಂತು ವರ್ಷಗಳಾಯಿತು. ಭಟ್ಕಳದ ಗುಜರಿಯಲ್ಲಿ ನೋಡಬೇಕು.

ನವೆಂಬರ್ 16, ಶನಿವಾರ

ಮುರ್ಡೇಶ್ವರದ ಒಬ್ಬ ಲಾಡ್ಜ್ ಮಾಲೀಕ ಫೋನ್ ಮಾಡಿದ್ದ. ಪ್ರವಾಸಿಗಳನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಕರೆತರಲು ಡ್ರೈವರ್ ಬೇಕಂತೆ, ಸಂಬಳದ ಕೆಲಸ, ಇರಲು ಕೋಣೆ. ನಮ್ಮ ಮಹಾಶಯ ಹೋಗಿ ಕೇಳಿದ್ದಾನೆ. ಒಂಬತ್ತು ವರ್ಷ ನಿಮ್ಮಲ್ಲಿದ್ದನಂತಲ್ಲ, ಹೇಗೆ ಮನುಷ್ಯ ಎಂದು ಕೇಳಿದ.

"ಗೇರ್‌ಬಾಕ್ಸ್ ಕೊಂದವ," ಎಂದೆ. "ನಿಮ್ಮ ಗಾಡಿ ಹೊಸತಾದ್ರೆ ಕೊಡ್ಬೇಡಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದೆ ಹಗುರಾಗುತ್ತದೆ. ಮಧ್ಯಾಹ್ನ ಒಳ್ಳೆಯ ನಿದ್ರೆ ಬಂತು. ಎದ್ದಾಗ ರೇಖಾ ಚಾ ಲೋಟ ಕುಕ್ಕಿ ಇಟ್ಟು ಒಳಗೆ ಹೋದಳು. ಫೋನಿನಲ್ಲಿ ಆಡಿದ್ದು ಅಡುಗೆಮನೆಗೆ ಕೇಳಿರಬೇಕು. ಹೆಂಡತಿಯಾದವಳು ಗಂಡನ ಕಡೆ ನಿಲ್ಲಬೇಕು, ಅವಳು ಯಾವಾಗಲೂ ಕಮಲಿಯ ಕಡೆ.

ನವೆಂಬರ್ 19, ಮಂಗಳವಾರ

ಮಹಾಗಣಪತಿಯನ್ನು ಕರೆದುಕೊಂಡು ಭಟ್ಕಳಕ್ಕೆ ಹೋದೆ. ಗುಜರಿ ಅಂಗಳದಲ್ಲಿ ಸತ್ತ ಗಾಡಿಗಳ ಕರುಳು ರಾಶಿ ಹಾಕಿದ್ದಾರೆ. ಎಣ್ಣೆ ಕುಡಿದ ನೆಲ, ಕಾಲಿಟ್ಟರೆ ಚಪ್ಪಲಿ ಕಚ್ಚಿ ಹಿಡಿಯುತ್ತದೆ. ಅಂಗಳದ ಯಜಮಾನರು ಬಿಳಿ ಜುಬ್ಬಾ ಹಾಕಿದ ವಯಸ್ಸಾದ ನವಾಯತ ಮುಸಲ್ಮಾನರು. ಆ ಕೊಳಕಿನ ನಡುವೆ ಅವರ ಜುಬ್ಬಾಕ್ಕೆ ಒಂದು ಕಲೆ ಇಲ್ಲ, ಅದು ಹೇಗೋ. ನವಾಯತಿಯಲ್ಲಿ ಮಗನಿಗೆ, ಉರ್ದುವಿನಲ್ಲಿ ಕೂಲಿಯವನಿಗೆ, ಕನ್ನಡದಲ್ಲಿ ನಮಗೆ, ಮೂರೂ ಒಂದೇ ಉಸಿರಿನಲ್ಲಿ ಮಾತಾಡಿದರು. ಬಾಕ್ಸುಗಳನ್ನು ತೋರಿಸಿ, ಕೈಯಿಂದ ತಿರುಗಿಸಿ ನೋಡಿ, ಕಿವಿ ಇಟ್ಟು ಕೇಳಿ, ಬೇಕಾದರೆ ಒಯ್ಯಿರಿ ಎಂದರು.

ಮಹಾಗಣಪತಿ ನಾಲ್ಕು ಬಾಕ್ಸಿಗೆ ಕಿವಿ ಇಟ್ಟ. ಐದನೆಯದಕ್ಕೆ ಕಣ್ಣು ಮುಚ್ಚಿದ. ಇದು ಆಗಬಹುದು ಎಂದ. ನನಗೂ ಕೇಳು ಎಂದ. ನಾನು ಕಿವಿ ಇಟ್ಟೆ. ಒಳಗೆ ಏನೂ ಕೇಳಲಿಲ್ಲ, ಕೆನ್ನೆಗೆ ಗ್ರೀಸು ಹತ್ತಿತು ಅಷ್ಟೆ. ಏನೂ ಕೇಳದಿರುವುದೇ ಒಳ್ಳೆಯ ಬಾಕ್ಸು ಅಂತೆ. ಬರುವಾಗ ದಾರಿಯಲ್ಲಿ ಮೂರು ಸಲ ಸಾಬೂನು ಹಾಕಿ ಮುಖ ತೊಳೆದೆ.

ನವೆಂಬರ್ 23, ಶನಿವಾರ

ಮಹಾಗಣಪತಿಯ ಜೊತೆಗಾರ ಮದುವೆಗೆ ಹೋಗಿದ್ದಾನೆ. ಹೀಗಾಗಿ ಗಾಡಿಯ ಅಡಿಯಲ್ಲಿ ಮಲಗಿ ಬಾಕ್ಸು ಎತ್ತಿ ಹಿಡಿಯುವ ಭಾಗ್ಯ ನನ್ನದಾಯಿತು. ಜ್ಯಾಕಿನ ಮೇಲೆ ಇಟ್ಟರೂ ಅದು ಅತ್ತ ಇತ್ತ ವಾಲುತ್ತದೆ. ಅದರ ಮೂತಿ ಕ್ಲಚ್ ಪ್ಲೇಟಿನ ತೂತಿಗೆ ನೇರ ಬರಬೇಕು, ಕೂದಲೆಳೆ ತಪ್ಪಿದರೂ ಒಳಗೆ ಹೋಗುವುದಿಲ್ಲ. ಎರಡು ತಾಸು ಸೆಣಸಿದೆವು. ಮೇಲಿನಿಂದ ಒಣಗಿದ ಮೀನಿನ ಪೊರೆ ಕಣ್ಣಿಗೆ ಉದುರುತ್ತಿತ್ತು. ಬಾಕ್ಸಿನ ಮೇಲೆಲ್ಲ ಯಾಕೆ ಇಷ್ಟು ಪೊರೆ ಬೀಳುತ್ತದೆ ಎಂದು ಕೇಳಬೇಕೆಂದುಕೊಂಡೆ, ಬಾಯಿ ತೆರೆದರೆ ಒಳಗೇ ಬೀಳುತ್ತದೆ ಎಂದು ಸುಮ್ಮನಿದ್ದೆ.

ಕೊನೆಗೆ ಟಕ್ ಎಂದು ಒಳಗೆ ಕೂತಿತು. ಆ ಸದ್ದು ಮಾತ್ರ ಚೆನ್ನಾಗಿತ್ತು.

ಗೇರುಗಳೆಲ್ಲ ಬೆಣ್ಣೆಯ ಹಾಗೆ ಬೀಳುತ್ತವೆ. ಬೇರೆ ಡ್ರೈವರ್ ಸಿಗುವ ತನಕ ನಾನೇ ಓಡಿಸುತ್ತೇನೆ. ಗಾಡಿ ಹೇಗೆ ಇಟ್ಟುಕೊಳ್ಳಬೇಕು ಎಂದು ಊರು ನೋಡಲಿ.

ನವೆಂಬರ್ 26, ಮಂಗಳವಾರ

ನಿನ್ನೆಯಿಂದ ಗಾಡಿ ಓಡುತ್ತಿದೆ. ಬೆಳಿಗ್ಗೆ ಐದಕ್ಕೇ ಧಕ್ಕೆಯಲ್ಲಿ ಇರಬೇಕು. ಕೊಳೆತ ಬಲೆ, ಡೀಸೆಲು, ತಾರ್ಲೆ ಮೀನು, ಎಲ್ಲದರ ನಾತ. ಹಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಾಳೆ, ಅದು ಅವಳ ಜಾಗ, ಯಾರೂ ಕೇಳುವ ಹಾಗಿಲ್ಲ. ಮೊದಲೆಲ್ಲ ಈ ಹೆಂಗಸರ ಗಲಾಟೆ ನಮ್ಮ ಮನೆಯವರೆಗೆ ಕೇಳುತ್ತಿತ್ತು. ಈಗ ಕುಮಟಾದವರೆಗೆ ಒಬ್ಬಳೂ ತುಟಿ ಬಿಚ್ಚುವುದಿಲ್ಲ.

ಐಸು ತುಂಬುವಲ್ಲಿ ಯಾರಿದ್ದಾರೆ ಎಂದರೆ ಅವನೇ. ಐಸ್ ಒಡೆಯುವ ಮಿಷನ್ನಿನವರ ಹತ್ತಿರ ಕೂಲಿಗೆ ಸೇರಿದ್ದಾನೆ. ಐವತ್ತನಾಲ್ಕು ವಯಸ್ಸಿಗೆ ಹೆಗಲ ಮೇಲೆ ಐಸಿನ ಬುಟ್ಟಿ. ನಮ್ಮ ಗಾಡಿಗೂ ಅವನೇ ತುಂಬುವುದು. ನನ್ನನ್ನು ನೋಡಲಿಲ್ಲ, ನಾನೂ ನೋಡಲಿಲ್ಲ.

ಇವತ್ತು ಅವನು ತುಂಬಿ ಇಳಿದ ಮೇಲೆ ಸಂಶಯ ಬಂದು ಒಳಗೆ ಬಗ್ಗಿ ನೋಡಿದೆ. ತೂತಿನಲ್ಲಿ ಮತ್ತೆ ಆ ನೀಲಿ ರಬ್ಬರು. ಕೆಲಸ ಬಿಟ್ಟು ಹೋದವನಿಗೆ ನನ್ನ ಗಾಡಿಯಲ್ಲಿ ಎಂಥ ಕಾರುಬಾರು. ಅವನು ನೋಡುತ್ತಿರುವಾಗಲೇ ಕಿತ್ತು ನೀರಿಗೆ ಎಸೆದೆ. ಅವನು ಬುಟ್ಟಿ ಹಿಡಿದುಕೊಂಡು ನಿಂತ, ಏನೋ ಹೇಳುವವನ ಹಾಗೆ ಬಾಯಿ ತೆರೆದ. ಆಮೇಲೆ ತಿರುಗಿ ಹೋದ.

ನವೆಂಬರ್ 30, ಶನಿವಾರ

ಕಮಲಕ್ಕ ಬಂದಿದ್ದಳು. ಒಳಗೆ ಬರಲಿಲ್ಲ, ಜಗಲಿಯ ಕಂಬ ಹಿಡಿದು ನಿಂತಳು. ರೇಖಾ ಚಾ ತಂದರೆ ಬೇಡ ಎಂದಳು. ಲಾಡ್ಜಿನವರು ಬೇರೆ ಯಾರನ್ನೋ ಇಟ್ಟುಕೊಂಡರಂತೆ. ಯಾಕೆ ಎಂದು ಕೇಳಿದ್ದಕ್ಕೆ, ನಿಮ್ಮ ತಮ್ಮನನ್ನೇ ಕೇಳಿ ಎಂದರಂತೆ.

"ನಿನ್ನ ಗಾಡಿಗೆ ಅಂವ ಬೇಡ, ಆತು. ಮತ್ತೊಬ್ರ ಗಾಡಿಗೂ ಬೇಡ ಅಂತ ಹೇಳೂಕೆ ನೀ ಯಾರು?"

ನಾನು ಸತ್ಯ ಹೇಳಿದೆ ಎಂದೆ. ಅವಳು ಕಂಬ ಬಿಟ್ಟು ಸೆರಗು ಸರಿಮಾಡಿಕೊಂಡಳು. ನಾನು ದೋಣಿಯಲ್ಲಿ ವಾಂತಿ ಮಾಡಿಕೊಂಡು ಬಂದಾಗ ಬಟ್ಟೆ ತೊಳೆದವಳು ಇವಳೇ. ಐಸು ಹೊತ್ತು ಅವನ ಹೆಗಲು ಸುಟ್ಟ ಹಾಗೆ ಕೆಂಪಾಗಿದೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಒಂದು ಮಾತು ನಿನ್ನ ವಿರುದ್ಧ ಆಡುವುದಿಲ್ಲ ಎಂದು ಹೇಳಿ ಹೋದಳು. ಆಡಲು ಅವನ ಹತ್ತಿರ ಮಾತಿದ್ದರಲ್ಲವೇ. ತಪ್ಪು ಮಾಡಿದವನು ಸುಮ್ಮನಿರದೆ ಇನ್ನೇನು.

ಚಾ ಆರಿ ಹೋಯಿತು. ರೇಖಾ ಅದನ್ನು ನನ್ನೆದುರೇ ಅಂಗಳಕ್ಕೆ ಚೆಲ್ಲಿದಳು.

ಡಿಸೆಂಬರ್ 6, ಶುಕ್ರವಾರ

ಗೇರಿನ ಗುಂಡಿನ ಮೇಲೆ ಕೈ ಇಟ್ಟರೆ ಸಣ್ಣ ನಡುಕ ಅಂಗೈಗೆ ತಿಳಿಯುತ್ತದೆ. ಮೊನ್ನೆ ಇರಲಿಲ್ಲ. ದಿನಾ ಕೈ ಇಟ್ಟೇ ಇರುತ್ತೇನೆ, ಹಾಗಾಗಿ ಗೊತ್ತಾಯಿತು. ಮೂರನೇ ಗೇರಿನಲ್ಲಿ ಒಂದು ಕೂಗು. ಹಮ್ಮನಿಗೂ ಕೇಳಿತು, ನನ್ನ ಕಡೆ ನೋಡಿದಳು.

ಭಟ್ಕಳದ ಬಿಳಿ ಜುಬ್ಬಾದವರು ನನಗೆ ಟೋಪಿ ಹಾಕಿದರು.

ಡಿಸೆಂಬರ್ 7, ಶನಿವಾರ

ಜುಬ್ಬಾದವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಎಲ್ಲ ಕೇಳಿಸಿಕೊಂಡು, ಎಣ್ಣೆ ತೆಗೆದು ನೋಡಿದಿರಾ ಎಂದು ಕೇಳಿದರು. ಫೋನ್ ಇಟ್ಟೆ. ಎಲ್ಲರೂ ನನಗೆ ಪಾಠ ಹೇಳುವವರೇ.

ಡಿಸೆಂಬರ್ 10, ಮಂಗಳವಾರ

ಹೆಂಗಸರನ್ನು ಪೇಟೆಯಲ್ಲಿ ಇಳಿಸಿ ನೇರ ಮಹಾಗಣಪತಿಯ ಗ್ಯಾರೇಜಿಗೆ ಹೋದೆ. ಎಣ್ಣೆ ತೆಗೆದ. ಚಾ. ಮೊನ್ನೆ ಹಾಕಿದ ಎಣ್ಣೆ, ಹದಿನೈದು ದಿನವಾಗಿದೆ, ಅದೇ ಹಾಲು ಹಾಕಿದ ಚಾ.

ಅವನ ಮೇಲೆ ಹಾರಾಡಿದೆ. ಸೀಲು ಸರಿಯಾಗಿ ಹಾಕಿಲ್ಲ, ಗುಜರಿಯವನ ಜೊತೆ ನೀನೂ ಸೇರಿದ್ದೀಯಾ ಎಂದೆಲ್ಲ. ಅವನು ಒಂದು ಗೋಣಿಚೀಲ ಹಾಸಿ, ಅಡಿಗೆ ಹೋಗಿ ಮಲಗು, ಬಾಕ್ಸಿನ ನೆತ್ತಿಯನ್ನೇ ನೋಡುತ್ತಿರು ಎಂದ. ತಾನು ಬಕೆಟ್ ಹಿಡಿದು ಗಾಡಿ ಹತ್ತಿದ.

ಮೇಲೆ ನೀರು ಸುರಿದ ಸದ್ದಾಯಿತು. ಎರಡು ಕ್ಷಣ ಬಿಟ್ಟು ನೆಲದ ಒಂದು ತೂತಿನಿಂದ ಸಣ್ಣ ಧಾರೆ ಇಳಿಯಿತು. ನೇರ ಬಾಕ್ಸಿನ ನೆತ್ತಿಗೆ. ಅಲ್ಲಿ ಒಂದು ಪುಟ್ಟ ಮೂಗು ಇದೆ, ಬಾಕ್ಸು ಉಸಿರಾಡುವ ಜಾಗ. ನೀರು ಅದರ ಮೇಲೆ ಬಿದ್ದು, ಸುತ್ತ ಹರಿದು, ನನ್ನ ಬಾಯಿಗೆ ಬಿತ್ತು. ಉಪ್ಪಾಗಿತ್ತು.

ಮಹಾಗಣಪತಿ ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಓಡಿ ಓಡಿ ಬಾಕ್ಸು ಬಿಸಿ ಆಗ್ತದೆ. ಮೇಲಿಂದ ಐಸಿನ ನೀರು ಬಿದ್ರೆ ತಟ್ಟನೆ ತಣಿತದೆ, ತಣಿವಾಗ ಉಸಿರು ಒಳಗೆ ಎಳ್ಕಂತದೆ. ಉಸಿರಿನ ಸಂಗ್ತಿಗೆ ನೀರೂ ಹೋಗ್ತದೆ. ಆ ತೂತು ಕಂಪನಿದಲ್ಲ. ಯಾರು ಕೊರ್ದದ್ದು?"

ಗೊತ್ತಿಲ್ಲ ಎಂದೆ.

ಡಿಸೆಂಬರ್ 11, ಬುಧವಾರ

ಗೊತ್ತಿಲ್ಲ ಎಂದೆನಲ್ಲ. ಥೂ.

ಡಿಸೆಂಬರ್ 13, ಶುಕ್ರವಾರ

ಎರಡು ದಿನ ಊಟ ಸೇರಲಿಲ್ಲ. ರೇಖಾ ಕೇಳಿದಳು, ಹೊಟ್ಟೆ ಸರಿ ಇಲ್ಲ ಎಂದೆ. ಬಾಯಲ್ಲಿ ಆ ನೀರಿನ ರುಚಿ ಹೋಗಿಲ್ಲ. ಹಲ್ಲುಜ್ಜಿದರೂ ಇದೆ.

ಬಾಕ್ಸು ಬದುಕಿತು. ಬೇಗ ಸಿಕ್ಕಿದ್ದಕ್ಕೆ ಹಲ್ಲುಗಳಿಗೆ ಏನೂ ಆಗಿಲ್ಲ. ಎರಡು ಸಲ ಎಣ್ಣೆ ಹಾಕಿ ಓಡಿಸಿ, ಎರಡು ಸಲ ತೆಗೆದು, ಮೂರನೇ ಸಲ ಹೊಸ ಎಣ್ಣೆ ಹಾಕಿದೆವು. ಬಿರಡೆ ಬಿಚ್ಚುವುದು, ಕಟ್ಟುವುದು ನಾನೇ ಮಾಡಿದೆ. ಆ ಮೂಗಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟಿದೆವು. ತೂತಿಗೆ ತಗಡು ಇಟ್ಟು ಬೆಸುಗೆ ಹಾಕಿಸಿದೆ. ಹಿಂದಿನ ಬೆಣೆ ಕಿತ್ತು, ಪೈಪಿನ ಅಡಿಗೆ ಡಬ್ಬಿ ನೇತುಹಾಕಿದೆ. ನೀರು ಡಬ್ಬಿಗೆ ಬೀಳುತ್ತದೆ, ಕುಮಟಾ ಮುಟ್ಟುವ ಮೊದಲು ಚೆಲ್ಲಿದರಾಯಿತು. ಇದು ಸೆಪ್ಟೆಂಬರಿನಲ್ಲೇ ನನ್ನ ತಲೆಗೆ ಹೊಳೆಯಬಹುದಿತ್ತು. ಡ್ರಿಲ್ಲು ಕೈಯಲ್ಲಿತ್ತು, ತಲೆ ಎಲ್ಲಿತ್ತೋ.

ಬೆಸುಗೆಯವನಿಗೆ, ಮಹಾಗಣಪತಿಗೆ, ಇಬ್ಬರಿಗೂ ಹೇಳಿದೆ. ನಾನೇ ಕೊರೆದದ್ದು ಎಂದು. ಮಹಾಗಣಪತಿ, ಗೊತ್ತಿತ್ತು ಎಂದ. ಗೊತ್ತಿಲ್ಲ ಎನ್ನುವಾಗ ನೀನು ನನ್ನ ಬದಲು ಬಕೆಟ್ಟನ್ನು ನೋಡಿದೆ ಎಂದ.

ಡಿಸೆಂಬರ್ 14, ಶನಿವಾರ

ಲಾಡ್ಜಿನವರಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ಸುಳ್ಳಾಯಿತು, ಈರ ಒಳ್ಳೆಯ ಡ್ರೈವರು, ಗಾಡಿ ಹಾಳಾದದ್ದು ನನ್ನಿಂದ ಎಂದೆ. ಸಂತೋಷ, ಆದರೆ ಜಾಗ ತುಂಬಿತು, ಅವನೂ ಚೆನ್ನಾಗಿ ಓಡಿಸುತ್ತಾನೆ ಎಂದರು. ಒಂದು ಮಾತಿನಿಂದ ಹೋದದ್ದು ಇನ್ನೊಂದು ಮಾತಿನಿಂದ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಸಂಜೆ ಹಮ್ಮನ ಮನೆಗೆ ಹೋದೆ. ಒಣಮೀನು ಹರವಿದ ಚಾಪೆಯ ಪಕ್ಕ ಕೂತು ಕಾಗೆ ಓಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಸೇತುವೆ ದಾಟಿ ಹತ್ತು ನಿಮಿಷ ಅವನು ಗಾಡಿ ನಿಲ್ಲಿಸುತ್ತಿದ್ದದ್ದು ಬೀಡಿಗಲ್ಲವಂತೆ. ತೂತಿಗೆ ರಬ್ಬರು ಹಾಕಿದ್ದರಿಂದ ಒಳಗೆ ನಿಂತ ನೀರನ್ನು ಹಿಂದಿನ ಬೆಣೆ ತೆಗೆದು ಬಿಡುತ್ತಿದ್ದನಂತೆ, ಆಮೇಲೆ ಮತ್ತೆ ಬೆಣೆ ಹೊಡೆಯುತ್ತಿದ್ದನಂತೆ, ನನಗೆ ಬೇಜಾರಾಗಬಾರದು ಎಂದು. ಬೀಡಿ ಅವನು ಬಿಟ್ಟು ನಾಲ್ಕು ವರ್ಷವಾಯಿತಂತೆ. ನನಗೆ ಅದೂ ಗೊತ್ತಿರಲಿಲ್ಲ.

ಯಾರೂ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಂವ ಎರಡ್ ಸಲ ಹೇಳ್ದ. ಮೂರ್ನೇ ಸಲ ಹೇಳೂಕೆ ಹೋದ್ರೆ ನೀ ರಬ್ಬರು ಕಿತ್ತು ಅವನ ಕಣ್ಣೆದ್ರಿಗೇ ಒಗ್ದೆ. ನಿಂಗೆ ಹೇಳೂದು ಹ್ಯಾಂಗೆ ಮಾರಾಯಾ?"

ನಾಳೆ ಅವನ ಮನೆಗೆ ಹೋಗಿ ತಪ್ಪಾಯಿತು ಎನ್ನುತ್ತೇನೆ ಎಂದೆ. ಹಮ್ಮ ಬೇಡ ಎಂದಳು. ಒಬ್ಬನೇ ಇದ್ದಾಗ ಬೈದಿದ್ದರೆ ಒಬ್ಬನೇ ಇದ್ದಾಗ ಹೇಳಬಹುದಿತ್ತಂತೆ.

"ಎಂಟು ಜನರೆದ್ರಿಗೆ ಬೈದದ್ದು. ಎಂಟು ಜನರೆದ್ರಿಗೇ ಹೇಳು."

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಧಕ್ಕೆಯಲ್ಲಿ ಎಂಟೂ ಮಂದಿ ಗಾಡಿಯ ಸುತ್ತ ಇದ್ದರು. ಹಮ್ಮ ಯಾರಿಗೂ ಹತ್ತಲು ಬಿಡಲಿಲ್ಲ, ನಿಲ್ಲಿ ಎಂದಳು. ಈರ ಐಸಿನ ಬುಟ್ಟಿ ಹೊತ್ತು ಬಂದ. ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಹೇಳಿದ್ದು ಇಷ್ಟೇ.

"ಗೇರ್‌ಬಾಕ್ಸ್ ಹಾಳ್ ಮಾಡ್ದವ ನಾನು. ಆ ತೂತು ನಾ ಕೊರ್ದದ್ದು. ನೀ ಅಲ್ಲ ಭಾವ."

ಬುಟ್ಟಿಯಿಂದ ನೀರು ಅವನ ಬೆನ್ನ ಮೇಲೆ ಇಳಿಯುತ್ತಿತ್ತು. ಇಳಿಸಿ ನಿಂತು ಕೇಳಬೇಕೆಂದೂ ಅವನಿಗೆ ಅನ್ನಿಸಲಿಲ್ಲ.

"ಎಣ್ಣೆ ಬದಲ್ಸಿದ್ಯಾ?" ಎಂದ.

ಮೂರು ಸಲ ಎಂದೆ.

"ಆತು," ಎಂದು ಬುಟ್ಟಿಯನ್ನು ಒಳಗೆ ಸುರಿದ.

ಕೀಲಿಕೈ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗುವ ತನಕ ಇರುತ್ತೇನೆ ಎಂದು ಐಸಿನವರಿಗೆ ಮಾತು ಕೊಟ್ಟಿದ್ದಾನಂತೆ. ನಡುವೆ ಬಿಟ್ಟು ಬಂದರೆ ಅವರು ಯಾರನ್ನು ಹುಡುಕಬೇಕು ಎಂದ. ಅಂಥವನ ಬಗ್ಗೆ ನಾನು ಮುರ್ಡೇಶ್ವರಕ್ಕೆ ಫೋನಿನಲ್ಲಿ ಆಡಿದ್ದನ್ನು ನೆನೆದು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹೆಂಗಸರು ಗಾಡಿ ಹತ್ತತೊಡಗಿದರು. ಹಿಂದೆ ಯಾರೋ ಏನೋ ಅಂದರು, ಯಾರೋ ನಕ್ಕರು. ತಿಂಗಳಿಂದ ಕೇಳದ ಸದ್ದು.

ಈರ ಹೋಗಲಿಲ್ಲ. ಒಂದು ತಂಬಿಗೆ ನೀರು ತಂದು ಬೆಸುಗೆಯ ಮೇಲೆ ಸುರಿದು, ಧಕ್ಕೆಯ ಆ ಹೊಲಸು ನೆಲದಲ್ಲಿ ಅಂಗಾತ ಮಲಗಿ ಗಾಡಿಯ ಅಡಿಗೆ ಹೋದ. ನಾನೂ ಮಲಗಿ ಪಕ್ಕಕ್ಕೆ ಜಾರಿದೆ. ಬೆಸುಗೆಯ ಒಂದು ಬದಿ ಸೂಜಿಮೊನೆಯಷ್ಟು ಬಿಟ್ಟಿತ್ತು. ಹನಿ ಕೂಡಿ, ತೂಗಿ, ಬೀಳುತ್ತಿತ್ತು. ಇವತ್ತಿನ ಮಟ್ಟಿಗೆ ಒಂದು ರಬ್ಬರ್ ತುಂಡು ಒತ್ತಿದರೆ ಸಾಕು, ನಾಳೆ ಮತ್ತೆ ಬೆಸುಗೆ ಹಾಕಿಸು ಎಂದ. ಹೊರಗೆ ಬಂದು ಸೊಂಟದ ಚೂರಿ ತೆಗೆದು ಬಲಗಾಲಿನ ಚಪ್ಪಲಿ ಕಳಚಿದ.

ಆಗ ನೋಡಿದೆ. ನೀಲಿ ಚಪ್ಪಲಿ. ಹಿಮ್ಮಡಿಯ ಜಾಗದಲ್ಲಿ ರಬ್ಬರೇ ಇಲ್ಲ. ಮೂರು ಸಲ ಕೊಯ್ದ ಗುರುತು, ಒಂದರ ಪಕ್ಕ ಒಂದು. ಹರಕು ಚಪ್ಪಲಿ ಎಂದು ಬರೆದಿದ್ದೇನೆ, ಹಿಂದಿನ ಹಾಳೆಗಳಲ್ಲಿ ಇದೆ. ಹರಕಲ್ಲ, ಕಾಲಿಗೆ ಹಾಕಿಕೊಳ್ಳುವುದನ್ನೇ ಕೊಯ್ದಿದ್ದ. ಈ ತಿಂಗಳು ಪೂರ್ತಿ ಐಸಿನ ನೀರಿನಲ್ಲಿ ಹಿಮ್ಮಡಿ ನೆಲಕ್ಕಿಟ್ಟೇ ಬುಟ್ಟಿ ಹೊತ್ತಿದ್ದಾನೆ.

ನನಗೆ ಅಳು ಬಂತು. ಎಂಟು ಜನರೆದುರು ಅದೂ ಆಗಿ ಹೋಯಿತು.

ಚೂರಿ ಅವನ ಕೈಯಿಂದ ತೆಗೆದುಕೊಂಡೆ. ನನ್ನ ಚಪ್ಪಲಿ ಹೋದ ತಿಂಗಳು ತಂದದ್ದು, ದಪ್ಪ ರಬ್ಬರಿನದು. ಬಲಗಾಲಿನದು ಕಳಚಿ ಹಿಮ್ಮಡಿ ಕೊಯ್ದೆ. ದಪ್ಪ ಇದ್ದದ್ದಕ್ಕೆ ಹೊತ್ತು ಹಿಡಿಯಿತು. ತುಂಡನ್ನು ಬೆಸುಗೆಯ ಮೇಲೆ ಇಟ್ಟೆ, ಭಾವ ಒಂದು ಐಸ್ ಪೆಟ್ಟಿಗೆಯನ್ನು ಅದರ ಮೇಲೆ ಸರಿಸಿದ. ಅಡಿಗೆ ಬಗ್ಗಿ ನೋಡಿ, ಹನಿ ನಿಂತಿತು ಎಂದ.

ಕುಮಟಾದವರೆಗೆ ನನ್ನ ಬಲ ಹಿಮ್ಮಡಿ ತಣ್ಣಗಿತ್ತು, ಮೀನಿನ ನೀರು ಬೆರಳಸಂದಿಗೆಲ್ಲ ಬಂತು. ಹಳದೀಪುರದ ಏರಿನಲ್ಲಿ ಮೂರನೇ ಗೇರ್ ಹಾಕಿ ಗುಂಡಿನ ಮೇಲೆ ಭಾವನ ಹಾಗೆಯೇ ಕೈ ಇಟ್ಟುಕೊಂಡೆ. ನಡುಕ ಇರಲಿಲ್ಲ. ಹಮ್ಮ ನನ್ನ ಕೈಯನ್ನು ನೋಡಿ, ಆಮೇಲೆ ರಸ್ತೆ ನೋಡಿದಳು.